ಕಾರ್ಮಿಕ ನಾಯಕ ಡಾ. ಬಾಬಾಸಾಹೇಬ್ ಅಂಬೇಡ್ಕರ್

ಪ್ರತಿ ವರ್ಷ ಏಪ್ರಿಲ್ 14ನೇ ತಾರೀಖು ನಮ್ಮೂರ ಕಾಲೋನಿಯಲ್ಲಿ ಶಾಮಿಯಾನ ಹಾಕುತ್ತಾರೆ. ಡಾ. ಅಂಬೇಡ್ಕರ್ ಅವರ ಫೋಟೋಗೆ ಹಾರ ಹಾಕಿ, ಬಂದ ಅತಿಥಿಗಳು ಇವರು ಸಂವಿಧಾನ ಶಿಲ್ಪಿ ಎಂದು ಹೇಳಿ, ಮಜ್ಜಿಗೆ ಪಾನಕ ಕುಡಿದು ಹೊರಡುತ್ತಾರೆ. ಅದೇನೂ ತಪ್ಪಲ್ಲ. ಆದರೆ ಅವರು ಗಿರಣಿ ಕೂಲಿಗಾರರಿಗೆ, ಗಣಿಯಲ್ಲಿ ಇಳಿಯುವವರಿಗೆ, ರೈಲ್ವೆ ಗ್ಯಾಂಗ್‌ಮನ್‌ಗಳಿಗೆ, ಗೇಣಿ ರೈತರಿಗೆ ಕೂಡ ನಾಯಕರಾಗಿದ್ದರು ಅನ್ನೋದನ್ನ ಯಾರೂ ಹೇಳೋದಿಲ್ಲ. ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆಯಲೇಬೇಕು ಎಂದು ಕಾರ್ಯದರ್ಶಿಗಳು ಒತ್ತಾಯ ಮಾಡಿದಾಗ, ಆ ವಿಷಯವನ್ನೇ ಬರೆಯೋಣ ಅನ್ನಿಸಿತು. ಹಾಲಿನ ಡೈರಿಗೂ ಅಂಬೇಡ್ಕರ್ ಅವರಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಮುಂದೆ ಓದಿದರೆ ಗೊತ್ತಾಗುತ್ತದೆ.

ನಮ್ಮ ಕಡೆಯವರಿಗೆ ಕಾರ್ಮಿಕರು ಅಂದರೆ ಮೊದಲು ಕಣ್ಣ ಮುಂದೆ ಬರೋದು ಕೆ.ಜಿ.ಎಫ್. ಮಾಲೂರಿನಲ್ಲಿ ರೈಲು ಹತ್ತಿದರೆ ಬಂಗಾರಪೇಟೆ ದಾಟಿ ಮಾರಿಕುಪ್ಪಂವರೆಗೂ ಹೋಗಬಹುದು. ಜಾನ್ ಟೇಲರ್ ಕಂಪನಿಯವರು 1880ರ ಸುಮಾರಿನಲ್ಲಿ ಬಂದು ಗಣಿ ತೋಡಿಸಿದಾಗ ಭೂಮಿಯೊಳಕ್ಕೆ ಇಳಿದವರು ಹೆಚ್ಚಾಗಿ ಉತ್ತರ ಆರ್ಕಾಟ್, ಚಿತ್ತೂರು ಕಡೆಯ ಬಡ ಜನ. ಅವರಲ್ಲಿ ಬಹುಪಾಲು ಆದಿದ್ರಾವಿಡರು. ದೊರೆಗಳಿಗೆ ಬಂಗಲೆ, ಕ್ಲಬ್ಬು. ಇವರಿಗೆ ತಟ್ಟಿ ಗುಡಿಸಲಿನ ಲೈನು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಅಷ್ಟು ಆಳದಲ್ಲಿ ಬಂಡೆಯೇ ಬೆಂಕಿಯ ಹಾಗೆ ಕಾಯುತ್ತಿತ್ತು. 1930ರಲ್ಲಿ ಕಾರ್ಮಿಕರೆಲ್ಲ ಬೆರಳಚ್ಚು ಕೊಡಬೇಕು ಎಂದು ಕಂಪನಿ ಹೇಳಿದಾಗ, ಒಂದು ಯೂನಿಯನ್ ಕೂಡ ಇಲ್ಲದಿದ್ದ ಆ ಜನ ಇಡೀ ಗಣಿಯನ್ನೇ ನಿಲ್ಲಿಸಿಬಿಟ್ಟರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಜನ ಕಾರ್ಮಿಕರು ಸತ್ತರು. ಇಂಥ ಜನರ ಮನೆಯ ಗೋಡೆಯ ಮೇಲೆ ಅಂಬೇಡ್ಕರ್ ಫೋಟೋ ಯಾಕೆ ಬಂತು ಎಂದರೆ, ಅದು ಸಂವಿಧಾನದ ಒಂದರಿಂದಲೇ ಬಂದದ್ದಲ್ಲ.

ಅಂಬೇಡ್ಕರ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಈಗಿನ ಮಧ್ಯಪ್ರದೇಶದ ಮಹು ಎಂಬ ಮಿಲಿಟರಿ ಊರಿನಲ್ಲಿ. ತಂದೆ ರಾಮಜಿ ಸಕ್ಪಾಲ್ ಪಲ್ಟನ್ನಿನಲ್ಲಿ ಸುಬೇದಾರರು. ತಾಯಿ ಭೀಮಾಬಾಯಿ. ಹದಿನಾಲ್ಕು ಮಕ್ಕಳಲ್ಲಿ ಇವರೇ ಕೊನೆಯವರು. ತಾಯಿ ಚಿಕ್ಕಂದಿನಲ್ಲೇ ಹೋದರು. ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಾಟಿನ ಮೇಲೆ ಬೇರೆ ಕೂತು ಓದಿದ್ದು, ಜವಾನ ಮೇಲಿಂದ ನೀರು ಹೊಯ್ದರೆ ಮಾತ್ರ ಕುಡಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಗೊತ್ತಿಲ್ಲದ ಒಂದು ವಿಷಯ ಇದೆ. ಪಲ್ಟನ್ನಿನಿಂದ ಬಂದ ಮೇಲೆ ರಾಮಜಿಯವರು ಗೋರೆಗಾಂವ್ ಎಂಬ ಕಡೆ ಕ್ಯಾಷಿಯರ್ ಆಗಿದ್ದರು. ಬರಗಾಲದಲ್ಲಿ ಜನ ಸಾಯುತ್ತಿದ್ದಾಗ ಕೂಲಿ ಕೊಡಲಿಕ್ಕೆಂದು ಸರ್ಕಾರ ಅಲ್ಲಿ ಕೆರೆ ತೋಡಿಸುತ್ತಿತ್ತು. ಆ ಕೂಲಿಗಾರರ ಬಟವಾಡೆ ಲೆಕ್ಕ ಇವರ ಕೈಯಲ್ಲಿತ್ತು. ಮಕ್ಕಳು ರಜೆಗೆ ತಂದೆಯನ್ನ ನೋಡಲು ರೈಲಿನಲ್ಲಿ ಹೋದರು. ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಕೂರಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ. ಎತ್ತುಗಳನ್ನ ಮಕ್ಕಳೇ ಹೊಡೆಯಬೇಕು, ತಾನು ನಡೆದು ಬರುತ್ತೇನೆ ಎಂದ. ಕುಡಿಯಲು ನೀರಿಲ್ಲದೆ ಕಟ್ಟಿಕೊಂಡಿದ್ದ ಬುತ್ತಿಯನ್ನೂ ಉಣ್ಣಲಾಗದೆ ಆ ರಾತ್ರಿ ಕಳೆದರು. ಬರದ ಜಿಲ್ಲೆಯವರಾದ ನಮಗೆ ಕೆರೆ ಕೆಲಸ ಗೊತ್ತು, ಎತ್ತಿನ ಗಾಡಿಯೂ ಗೊತ್ತು. ಅದಕ್ಕೇ ಈ ಸಂಗತಿ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ.

ಆಮೇಲೆ ಸಂಸಾರ ಬೊಂಬಾಯಿಗೆ ಬಂತು. ಪರೇಲ್ ಎಂಬುದು ಬಟ್ಟೆ ಗಿರಣಿಗಳ ಕೇರಿ. ಅಲ್ಲಿನ ಚಾಳಿನಲ್ಲಿ ಒಂದೇ ಕೋಣೆ. ಅಡಿಗೆ, ಮಲಗೋದು, ಪಾತ್ರೆ, ಸೌದೆ ಎಲ್ಲ ಅದರಲ್ಲೇ. ಮಗ ಸಂಜೆಯೇ ಮಲಗಿಬಿಡಬೇಕು, ತಂದೆ ಎಚ್ಚರವಾಗಿದ್ದು ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದಲು ಕೂರಿಸೋರು. ಗಿರಣಿಯ ಸಿಳ್ಳು, ಪಾಳಿ ಬಿಟ್ಟು ಬರುವವರ ಕೆಮ್ಮು, ತಿಂಗಳ ಕೊನೆಯಲ್ಲಿ ಬಾಗಿಲಿಗೆ ಬಂದು ನಿಲ್ಲುವ ಬಡ್ಡಿಯವನು, ಇದೆಲ್ಲ ಆ ಕೇರಿಯ ಬದುಕು. 1907ರಲ್ಲಿ ಮೆಟ್ರಿಕ್ ಆಯಿತು, 1912ರಲ್ಲಿ ಬಿ.ಎ. ಡಾಕ್ಟರ್ ಪದವಿ ಪಡೆದು ಬ್ಯಾರಿಸ್ಟರ್ ಆಗಿ ಬಂದ ಮೇಲೂ ಅವರು ಪರೇಲಿನ ಚಾಳಿನಲ್ಲೇ ವರ್ಷಗಟ್ಟಲೆ ಸಂಸಾರ ಮಾಡಿದರು. ಪುಸ್ತಕ ಓದಿ ಕಾರ್ಮಿಕರನ್ನು ತಿಳಿದವರು ಬೇರೆ, ಗೋಡೆ ಪಕ್ಕದಲ್ಲಿ ಬಾಳಿದವರು ಬೇರೆ.

1913ರಲ್ಲಿ ಬರೋಡದ ಸಯಾಜಿರಾವ್ ಮಹಾರಾಜರ ಸಹಾಯದಿಂದ ಅಮೆರಿಕದ ನ್ಯೂಯಾರ್ಕಿಗೆ ಹೋಗಿ ಕೊಲಂಬಿಯ ವಿಶ್ವವಿದ್ಯಾಲಯ ಸೇರಿದರು. ಅದರ ಹತ್ತಿರವೇ ಹಾರ್ಲೆಮ್ ಎಂಬ ಬಡಾವಣೆ. ಕಪ್ಪು ಜನ ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಕೆಲಸ ಹುಡುಕಿಕೊಂಡು ಅಲ್ಲಿಗೆ ಬರುತ್ತಿದ್ದ ಕಾಲ ಅದು. ಅದೇ ಹಾರ್ಲೆಮ್‌ನಲ್ಲಿ ಆಗ ಫಿಲಿಪ್ ರ‍್ಯಾಂಡಾಲ್ಫ್ ಎಂಬ ಕಪ್ಪು ಯುವಕ ಇದ್ದ. ಇವರಿಬ್ಬರ ಕೆಲಸ ಅಣ್ಣ ತಮ್ಮಂದಿರ ಕೆಲಸದ ಹಾಗಿರುವುದರಿಂದ ಅವರ ಬಗ್ಗೆಯೂ ನಾಲ್ಕು ಮಾತು ಹೇಳುತ್ತೇನೆ. ಅಮೆರಿಕದಲ್ಲಿ ಪುಲ್‌ಮನ್ ಎಂಬ ಕಂಪನಿಯ ಮಲಗುವ ರೈಲು ಡಬ್ಬಿಗಳಿದ್ದವು. ಅವುಗಳಲ್ಲಿ ಹಾಸಿಗೆ ಹಾಸೋದು, ಷೂ ಒರೆಸೋದು, ಪೆಟ್ಟಿಗೆ ಹೊರೋದು ಎಲ್ಲ ಕಪ್ಪು ಜನರ ಕೆಲಸ. ಸಂಬಳ ಕಡಿಮೆ, ಭಕ್ಷೀಸಿನ ಮೇಲೆ ಜೀವನ. ಅವರಿಗೊಂದು ಹೆಸರು ಕೂಡ ಇರಲಿಲ್ಲ, ಮಾಲೀಕನ ಹೆಸರು ಜಾರ್ಜ್ ಎಂದಿದ್ದರಿಂದ ಎಲ್ಲರನ್ನೂ ಜಾರ್ಜ್ ಎಂದೇ ಕರೆಯೋರು. ಬಿಳಿಯರ ಎಷ್ಟೋ ಯೂನಿಯನ್‌ಗಳು ಕಪ್ಪು ಜನರನ್ನು ಸದಸ್ಯರನ್ನಾಗಿ ಸೇರಿಸುತ್ತಿರಲಿಲ್ಲ. 1925ರಲ್ಲಿ ರ‍್ಯಾಂಡಾಲ್ಫ್ ಅವರು ಈ ಜನರ ಸಂಘ ಕಟ್ಟಿದರು. ಕಂಪನಿ ಆ ಸಂಘದ ಜೊತೆ ಒಪ್ಪಂದಕ್ಕೆ ರುಜು ಹಾಕಿದ್ದು 1937ರಲ್ಲಿ. ಹನ್ನೆರಡು ವರ್ಷ! ಕೂಲಿಗಾಗಿ ಮಾಲೀಕರ ಜೊತೆ ಜಗಳ ಒಂದು ಕಡೆ, ಮರ್ಯಾದೆಗಾಗಿ ಜೊತೆಯ ಬಿಳಿ ಕೆಲಸಗಾರರ ಜೊತೆ ಜಗಳ ಇನ್ನೊಂದು ಕಡೆ. ಅಂಬೇಡ್ಕರ್ ಅವರಿಗೂ ಬಂದದ್ದು ಇದೇ ಎರಡು ಕಡೆಯ ಜಗಳ.

ಅಮೆರಿಕದಿಂದ ಲಂಡನ್, ಅಲ್ಲಿಂದ 1917ರಲ್ಲಿ ಬರೋಡ. ಅಲ್ಲಿ ದೊಡ್ಡ ನೌಕರಿ ಕೊಟ್ಟರೂ ಇರಲು ಮನೆ ಸಿಗಲಿಲ್ಲ. ಜವಾನರು ದೂರದಿಂದ ಫೈಲು ಎಸೆಯೋರು. ಬೊಂಬಾಯಿಗೆ ವಾಪಸ್ ಬಂದು ಕಾಲೇಜಿನಲ್ಲಿ ಪಾಠ ಹೇಳಿ, ಪತ್ರಿಕೆ ನಡೆಸಿ, ಮತ್ತೆ ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆಗಿ 1923ರಲ್ಲಿ ಬಂದರು. 1925ರಲ್ಲಿ ನಮ್ಮ ಕರ್ನಾಟಕದ ನಿಪ್ಪಾಣಿಯಲ್ಲಿ ದಲಿತರ ಸಮ್ಮೇಳನ ನಡೆಸಿದರು. ಆಗ ಆ ಭಾಗ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. 1927ರಲ್ಲಿ ಮಹಾಡ್ ಕೆರೆಯ ನೀರು ಮುಟ್ಟಿದ ಸತ್ಯಾಗ್ರಹ. ಇವೆಲ್ಲ ಬೇರೆ ಪುಸ್ತಕಗಳಲ್ಲಿ ವಿವರವಾಗಿ ಇವೆ.

ಈಗ ಗಿರಣಿ ವಿಷಯಕ್ಕೆ ಬರುತ್ತೇನೆ. ಬೊಂಬಾಯಿ ಬಟ್ಟೆ ಗಿರಣಿಗಳಲ್ಲಿ ದಲಿತರು ಸಾವಿರಾರು ಜನ ಕೆಲಸ ಮಾಡುತ್ತಿದ್ದರು. ಆದರೆ ನೂಲುವ ಖಾತೆಯಲ್ಲಿ, ಕಡಿಮೆ ಕೂಲಿಯ ಜಾಗಗಳಲ್ಲಿ ಮಾತ್ರ. ಹೆಚ್ಚು ಕೂಲಿ ಇದ್ದದ್ದು ನೇಯುವ ಖಾತೆಯಲ್ಲಿ. ಅಲ್ಲಿಗೆ ಅವರನ್ನ ಬಿಡುತ್ತಿರಲಿಲ್ಲ. ಬಿಡದೆ ಇದ್ದವರು ಮಾಲೀಕರಷ್ಟೇ ಅಲ್ಲ, ಜೊತೆಯ ಕೂಲಿಗಾರರು. ಕಾರಣ ಏನು ಗೊತ್ತೇ? ಲಾಳಿಯಲ್ಲಿ ಕಂಡಿಕೆ ಮುಗಿದಾಗ ಹೊಸ ಕಂಡಿಕೆ ಇಟ್ಟು, ಲಾಳಿಯ ತೂತಿಗೆ ಬಾಯಿಟ್ಟು ದಾರವನ್ನು ಉಸಿರೆಳೆದು ಹೊರಕ್ಕೆ ತೆಗೆಯಬೇಕಿತ್ತು. ಒಂದು ಪಾಳಿಯವನು ಬಾಯಿಟ್ಟ ಲಾಳಿಗೆ ಇನ್ನೊಂದು ಪಾಳಿಯವನು ಬಾಯಿಡಬೇಕು. ದಲಿತರ ಎಂಜಲು ಮುಟ್ಟಿದರೆ ಜಾತಿ ಕೆಡುತ್ತದೆ ಅನ್ನೋದು ಅವರ ಮಾತು. ಒಂದೇ ಯೂನಿಯನ್ನಿನ ಚೀಟಿ, ಒಂದೇ ಕೆಂಪು ಬಾವುಟ, ಒಂದೇ ಮಾಲೀಕ. ಆದರೂ ಲಾಳಿ ಬೇರೆ.

ಇದನ್ನು ಓದಿದಾಗ ನನಗೆ ನಮ್ಮ ಸಂಘದ ಮೊದಲ ತಿಂಗಳು ನೆನಪಾಯಿತು. ಹಳಬರಿಗೆ ಗೊತ್ತು, ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಡೈರಿ ಶುರುವಾದಾಗ ಕಾಲೋನಿಯವರ ಹಾಲನ್ನು ಬೇರೆ ಕ್ಯಾನಿಗೆ ಹಾಕಿಸಬೇಕು ಎಂದು ಕೆಲವು ಮನೆಯವರು ಹಠ ಹಿಡಿದರು. ಲಾರಿ ಹತ್ತಿದ ಮೇಲೆ ಎಲ್ಲ ಒಂದೇ ಟ್ಯಾಂಕಿಗೆ ಬೀಳುತ್ತೆ, ಅದರ ಮೇಲೆ ಬೆಂಗಳೂರಿನವರು ಕುಡೀತಾರೆ, ಕ್ಯಾನು ಮಾತ್ರ ಬೇರೆ ಬೇಕಂತೆ! ಆಗಿನ ಕಾರ್ಯದರ್ಶಿಗಳು ಸಾಲಿನಲ್ಲಿ ಬಂದವರ ಹಾಲು ಬಂದ ಹಾಗೆ ಒಂದೇ ಕ್ಯಾನು ಎಂದುಬಿಟ್ಟರು. ಹದಿನೈದು ದಿನ ಆ ಮನೆಗಳವರು ಹಾಲು ಹಾಕಲಿಲ್ಲ. ಬಟವಾಡೆ ದಿನ ಬೇರೆಯವರ ಕೈಯಲ್ಲಿ ದುಡ್ಡು ನೋಡಿದ ಮೇಲೆ ಒಬ್ಬೊಬ್ಬರಾಗಿ ಬಂದರು. ಹಾಗೆ ನಿಂತಿದ್ದ ಮನೆಗಳಲ್ಲಿ ನಮ್ಮದೂ ಒಂದು. ಎರಡು ಹೊತ್ತಿನ ಹಾಲನ್ನು ಸೈಕಲ್ ಮೇಲೆ ಪೇಟೆಯ ಹೋಟೆಲಿಗೆ ಹಾಕಿ ಬರುತ್ತಿದ್ದವನು ನಾನೇ.

1928ರಲ್ಲಿ ಬೊಂಬಾಯಿ ಗಿರಣಿಗಳಲ್ಲಿ ದೊಡ್ಡ ಮುಷ್ಕರವಾಯಿತು. ಆರು ತಿಂಗಳು ಎಲ್ಲ ಗಿರಣಿ ಬಂದ್. ನೇಯುವ ಖಾತೆಯ ಬಾಗಿಲು ದಲಿತರಿಗೂ ತೆಗೆಯಬೇಕು ಎಂಬುದನ್ನು ಬೇಡಿಕೆಗಳ ಪಟ್ಟಿಯಲ್ಲಿ ಸೇರಿಸಿ, ಇಲ್ಲದಿದ್ದರೆ ನಮ್ಮವರು ಮುಷ್ಕರದಲ್ಲಿ ಇರೋದಿಲ್ಲ ಎಂದು ಅಂಬೇಡ್ಕರ್ ಮುಖಂಡರಿಗೆ ಹೇಳಿದರು. ಮುಖಂಡರು ಅರೆಮನಸ್ಸಿನಿಂದ ಸೇರಿಸಿದರು. ಮಾಲೀಕರು ಇದು ನಾವು ಮಾಡಿದ ತಡೆಯೇ ಅಲ್ಲ, ನಿಮ್ಮ ನಿಮ್ಮಲ್ಲೇ ಇರೋದು ಎಂದರಂತೆ. ಅದೂ ಪೂರ್ತಿ ಸುಳ್ಳಲ್ಲವಲ್ಲ. ಮುಂದಿನ ವರ್ಷ ಮತ್ತೆ ಮುಷ್ಕರಕ್ಕೆ ಕರೆ ಬಂದಾಗ ಅಂಬೇಡ್ಕರ್ ಒಪ್ಪಲಿಲ್ಲ. ಹಿಂದಿನ ವರ್ಷದ ಸಾಲವೇ ತೀರದ ಬಡವರನ್ನು ಮತ್ತೆ ಬೀದಿಗೆ ತರಬಾರದು ಎಂದು ದಲಿತ ಕೂಲಿಗಾರರನ್ನು ಕೆಲಸಕ್ಕೆ ಕಳುಹಿಸಿದರು. ಇದಕ್ಕಾಗಿ ಕಮ್ಯೂನಿಸ್ಟರು ಅವರನ್ನು ಬಹಳ ವರ್ಷ ಬೈದರು. ಮುಷ್ಕರ ಮುರಿಯೋದು ಸಣ್ಣ ಮಾತಲ್ಲ, ನಾನೂ ಅದನ್ನು ಒಳ್ಳೇದು ಅನ್ನಲಾರೆ. ಆದರೆ ಲಾಳಿ ಕೊಡದವನು ಜೊತೆಗೆ ಉಪವಾಸ ಮಾತ್ರ ಇರು ಎಂದರೆ ಎಷ್ಟು ದಿನ ಇರೋದು ಎಂಬ ಪ್ರಶ್ನೆಯೂ ಇದೆ.

1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷ ಎಂಬ ಪಕ್ಷ ಕಟ್ಟಿದರು. ಜಾತಿಯ ಹೆಸರಿಲ್ಲದೆ ಕಾರ್ಮಿಕರ ಹೆಸರು ಇಟ್ಟದ್ದನ್ನು ಗಮನಿಸಬೇಕು. 1937ರ ಚುನಾವಣೆಯಲ್ಲಿ 17 ಮಂದಿಯನ್ನು ನಿಲ್ಲಿಸಿದರು. ಎರಡು ಮೂರು ಮಂದಿ ಬಿಟ್ಟು ಉಳಿದವರೆಲ್ಲ ಗೆದ್ದರು. ಗೆದ್ದವರಲ್ಲಿ ನಮ್ಮ ಬೆಳಗಾವಿ ಕಡೆಯಿಂದ ಬಲವಂತ ವರಾಳೆಯವರೂ ಒಬ್ಬರು. ಅವರು ಧಾರವಾಡದಲ್ಲಿ ಅಂಬೇಡ್ಕರ್ ಅವರು ತೆರೆದ ವಿದ್ಯಾರ್ಥಿ ನಿಲಯವನ್ನು ನೋಡಿಕೊಳ್ಳುತ್ತಿದ್ದವರು.

ರೈತರಾದ ನಾವು ತಿಳಿಯಬೇಕಾದ್ದು ಖೋತಿ ಹೋರಾಟ. ಕೊಂಕಣದಲ್ಲಿ ಖೋತರು ಎಂಬುವರು ಸರ್ಕಾರಕ್ಕೂ ರೈತನಿಗೂ ನಡುವೆ ಕೂತು ಕಂದಾಯ ಎತ್ತುತ್ತಿದ್ದರು. ಬೆಳೆದದ್ದರಲ್ಲಿ ದೊಡ್ಡ ಪಾಲು ಅವರಿಗೆ, ಮೇಲೆ ಬಿಟ್ಟಿ ಚಾಕರಿ ಬೇರೆ. 1937ರ ಸೆಪ್ಟೆಂಬರಿನಲ್ಲಿ ಈ ಪದ್ಧತಿ ತೆಗೆಯುವ ಮಸೂದೆಯನ್ನು ಅಂಬೇಡ್ಕರ್ ಬೊಂಬಾಯಿ ಶಾಸನ ಸಭೆಯಲ್ಲಿ ತಂದರು. 1938ರ ಜನವರಿಯಲ್ಲಿ ಸಾವಿರಾರು ರೈತರು ಕಂಬಳಿ ಹೆಗಲಿಗೆ ಹಾಕಿಕೊಂಡು ಬೊಂಬಾಯಿಗೆ ಬಂದು ಮೆರವಣಿಗೆ ಮಾಡಿದರು. ಅದರಲ್ಲಿ ದಲಿತರೂ ಇದ್ದರು, ಕುಣಬಿ ಒಕ್ಕಲಿಗರೂ ಇದ್ದರು. ಮಸೂದೆ ಪಾಸಾಗಲಿಲ್ಲ. ಖೋತಿ ಪದ್ಧತಿ ಹೋದದ್ದು ಸ್ವಾತಂತ್ರ್ಯ ಬಂದ ಮೇಲೆ, 1949ರ ಕಾನೂನಿನಿಂದ. ಸಣ್ಣ ಹಿಡುವಳಿಗಳ ಬಗ್ಗೆ ಅವರು 1918ರಲ್ಲೇ ಒಂದು ಲೇಖನ ಬರೆದಿದ್ದರು. ಜಮೀನು ಚೂರು ಚೂರಾಗಿರೋದು ರೋಗದ ಲಕ್ಷಣ ಅಷ್ಟೇ, ಮೂಲ ರೋಗ ಎಂದರೆ ಬೇರೆ ಕಸುಬಿಲ್ಲದೆ ಎಲ್ಲರೂ ಮಣ್ಣಿನ ಮೇಲೇ ಬಿದ್ದಿರೋದು ಎಂಬುದು ಅದರ ಸಾರ. ಒಂದೂವರೆ ಎಕರೆಯಲ್ಲಿ ಮೂರು ಜನ ಅಣ್ಣ ತಮ್ಮಂದಿರು ಇರುವ ನಮ್ಮೂರಿಗೆ ಹೇಳಿ ಬರೆದ ಹಾಗಿದೆ. ಎರಡು ಸೀಮೆ ಹಸು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟು ಜನ ಊರು ಬಿಡುತ್ತಿದ್ದೆವೋ.

1938ರ ಫೆಬ್ರವರಿಯಲ್ಲಿ ಮನಮಾಡ್ ಎಂಬ ರೈಲ್ವೆ ಜಂಕ್ಷನ್ನಿನಲ್ಲಿ ದಲಿತ ರೈಲ್ವೆ ಕೂಲಿಗಾರರ ಸಮ್ಮೇಳನ ನಡೆಯಿತು. ಅಲ್ಲಿ ಅಂಬೇಡ್ಕರ್ ಕಾರ್ಮಿಕರಿಗೆ ಎರಡು ಶತ್ರುಗಳಿದ್ದಾರೆ ಎಂದು ಹೇಳಿದರು. ಒಂದು ಬಂಡವಾಳಶಾಹಿ, ಇನ್ನೊಂದು ಬ್ರಾಹ್ಮಣಶಾಹಿ. ಬ್ರಾಹ್ಮಣಶಾಹಿ ಎಂದರೆ ಒಂದು ಜಾತಿಯ ಜನ ಎಂದಲ್ಲ, ಮೇಲು ಕೀಳು ಮಾಡುವ ಬುದ್ಧಿ, ಅದು ಎಲ್ಲ ಜಾತಿಯಲ್ಲೂ ಇದೆ ಎಂದು ಬಿಡಿಸಿ ಹೇಳಿದರು. ರೈಲ್ವೆಯ ಉದಾಹರಣೆಯನ್ನೂ ಕೊಟ್ಟರು. ದಲಿತ ಕೂಲಿಗಾರ ಗ್ಯಾಂಗ್‌ಮನ್ ಆಗಿ ಸೇರಿ ಗ್ಯಾಂಗ್‌ಮನ್ ಆಗಿಯೇ ಸಾಯುತ್ತಾನೆ. ಅವನನ್ನು ಪೋರ್ಟರ್ ಕೂಡ ಮಾಡೋದಿಲ್ಲ. ಯಾಕೆಂದರೆ ಸ್ಟೇಷನ್ ಮಾಸ್ಟರು ಪೋರ್ಟರನನ್ನು ಮನೆಕೆಲಸಕ್ಕೂ ಇಟ್ಟುಕೊಳ್ಳುತ್ತಾರೆ, ದಲಿತನಾದರೆ ಮನೆಯೊಳಕ್ಕೆ ಕರೆಯುವ ಹಾಗಿಲ್ಲ. ಅಮೆರಿಕದಲ್ಲಿ ಕಪ್ಪು ಮನುಷ್ಯನಿಗೆ ರೈಲಿನಲ್ಲಿ ಪೋರ್ಟರ್ ಕೆಲಸವನ್ನೇ ಕೊಟ್ಟು ಅಲ್ಲೇ ಕೂರಿಸಿದರು, ಇಲ್ಲಿ ಅದನ್ನೂ ಕೊಡಲಿಲ್ಲ.

ಅದೇ ವರ್ಷ ಬೊಂಬಾಯಿ ಸರ್ಕಾರ ಮುಷ್ಕರಗಳನ್ನು ಬಿಗಿ ಮಾಡುವ ಕೈಗಾರಿಕಾ ವಿವಾದ ಮಸೂದೆ ತಂದಿತು. ಕೆಲವು ಮುಷ್ಕರಗಳು ಅಪರಾಧ, ಮಾಡಿದವರಿಗೆ ಜೈಲು. ಕೆಲಸಕ್ಕೆ ಬರೋದಿಲ್ಲ ಎಂದು ಹೇಳುವ ಮನುಷ್ಯನನ್ನು ಜೈಲಿಗೆ ಹಾಕಿದರೆ ಅವನು ಗುಲಾಮ ಅಲ್ಲದೆ ಮತ್ತೇನು ಎಂಬುದು ಸಭೆಯಲ್ಲಿ ಅಂಬೇಡ್ಕರ್ ಅವರ ವಾದ. ಹತ್ತು ವರ್ಷ ಹಿಂದೆ ಜಗಳವಾಡಿದ್ದ ಕಮ್ಯೂನಿಸ್ಟರ ಜೊತೆಗೇ ಸೇರಿ 1938ರ ನವೆಂಬರ್ 7ರಂದು ಒಂದು ದಿನದ ಮುಷ್ಕರ ಮಾಡಿಸಿದರು. ಗೋಲಿಬಾರೂ ಆಯಿತು. ಮಸೂದೆ ಕಾನೂನಾಗಿಯೇ ಹೋಯಿತು.

1942ರ ಜುಲೈನಲ್ಲಿ ಅವರು ವೈಸ್‌ರಾಯ್ ಅವರ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಖಾತೆ ವಹಿಸಿಕೊಂಡರು. ಈಗಿನ ಲೆಕ್ಕದಲ್ಲಿ ಕೇಂದ್ರ ಕಾರ್ಮಿಕ ಮಂತ್ರಿ. 1946ರವರೆಗೆ ನಾಲ್ಕು ವರ್ಷ ಇದ್ದರು. ಚಾಳಿನ ಹುಡುಗ ಆ ಕುರ್ಚಿಯಲ್ಲಿ ಕೂತು ಏನು ಮಾಡಿದ ಎಂಬುದೇ ಮುಖ್ಯ. 1943ರ ಡಿಸೆಂಬರಿನಲ್ಲಿ ಧನಬಾದ್ ಕಡೆಯ ಕಲ್ಲಿದ್ದಲು ಗಣಿಗೆ ಹೋಗಿ ಒಳಕ್ಕೆ ಇಳಿದು ನೋಡಿದರು. ಕೂಲಿಗಾರರ ಮನೆಗಳನ್ನೂ ನೋಡಿದರು. 1944ರಲ್ಲಿ ಕಲ್ಲಿದ್ದಲಿನ ಮೇಲೆ ಸುಂಕ ಹಾಕಿ ಆ ದುಡ್ಡನ್ನು ಗಣಿ ಕೆಲಸಗಾರರ ಮನೆ, ನೀರು, ಆಸ್ಪತ್ರೆಗೇ ಖರ್ಚು ಮಾಡುವ ನಿಧಿ ಮಾಡಿದರು. ಗಣಿಯ ಹೆಣ್ಣಾಳುಗಳ ಮಕ್ಕಳಿಗೆ ಶಿಶುವಿಹಾರ ಇರಬೇಕು ಎಂಬ ನಿಯಮ, ಹೆರಿಗೆ ಭತ್ಯೆಯ ಕಾನೂನಿಗೆ ತಿದ್ದುಪಡಿ ಮುಂತಾದವು ಬಂದವು.

ಒಂದು ಕಹಿ ವಿಷಯವನ್ನೂ ಬರೆಯಬೇಕು. ಹೆಂಗಸರನ್ನು ಗಣಿಯೊಳಕ್ಕೆ ಇಳಿಸಬಾರದು ಎಂದು 1937ರಿಂದ ನಿಷೇಧ ಇತ್ತು. ಯುದ್ಧದ ಕಾಲದಲ್ಲಿ ಕಲ್ಲಿದ್ದಲು ಸಾಲದೆ ಬಂದು 1943ರಲ್ಲಿ ಸರ್ಕಾರ ಆ ನಿಷೇಧ ತೆಗೆಯಿತು. ತೆಗೆದ ಖಾತೆ ಅಂಬೇಡ್ಕರ್ ಅವರದೇ. ಟೀಕೆ ಬಂದಾಗ ಅವರು ತಪ್ಪಿಸಿಕೊಳ್ಳದೆ ಸಭೆಯಲ್ಲಿ ನಿಂತು ಉತ್ತರ ಕೊಟ್ಟರು. ಹೆಣ್ಣಾಳಿಗೂ ಗಂಡಾಳಿನಷ್ಟೇ ಕೂಲಿ ಎಂಬ ಷರತ್ತು ಹಾಕಿದ್ದರು. 1946ರ ಫೆಬ್ರವರಿಯಿಂದ ನಿಷೇಧ ಮತ್ತೆ ಜಾರಿಗೆ ಬಂತು. ಅಧಿಕಾರದಲ್ಲಿ ಕೂತವರಿಗೆ ಬರುವ ಇಕ್ಕಟ್ಟು ಇದು. ಜಯಂತಿ ಭಾಷಣಗಳಲ್ಲಿ ಇದನ್ನು ಬಿಟ್ಟುಬಿಡುತ್ತಾರೆ.

ಭಾಷಣಗಳಲ್ಲಿ ಇನ್ನೊಂದು ಕೇಳಿ ಬರುತ್ತದೆ, ಹನ್ನೆರಡು ಗಂಟೆ ಕೆಲಸವನ್ನು ಎಂಟು ಗಂಟೆ ಮಾಡಿದರು ಎಂದು. ನಿಜ ಲೆಕ್ಕ ಹೀಗಿದೆ. ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ಇತ್ತು. ಅವರು ತಂದ ತಿದ್ದುಪಡಿಯಿಂದ 1946ರಲ್ಲಿ 48 ಗಂಟೆ ಆಯಿತು. ಅದಕ್ಕೆ ಮೊದಲು 1945ರಲ್ಲಿ ಸಂಬಳ ಸಹಿತ ರಜೆ ಬಂತು. ಕನಿಷ್ಠ ಕೂಲಿಯ ಮಸೂದೆಯನ್ನು 1946ರ ಏಪ್ರಿಲ್ಲಿನಲ್ಲಿ ಅವರೇ ಮಂಡಿಸಿದರು, ಅದು ಕಾನೂನಾದದ್ದು 1948ರಲ್ಲಿ, ಬೇರೆ ಮಂತ್ರಿಗಳ ಕಾಲದಲ್ಲಿ. ಇದ್ದಷ್ಟು ಹೇಳಿದರೂ ಅವರ ಕೆಲಸ ಸಣ್ಣದಾಗುವುದಿಲ್ಲ. ಅಮೆರಿಕದಲ್ಲಿ ಅದೇ ಯುದ್ಧಕಾಲದಲ್ಲಿ, 1941ರಲ್ಲಿ, ರ‍್ಯಾಂಡಾಲ್ಫ್ ಅವರು ವಾಷಿಂಗ್ಟನ್ನಿಗೆ ಜಾಥಾ ತರುತ್ತೇವೆ ಎಂದು ಹೆದರಿಸಿ, ಯುದ್ಧ ಸಾಮಗ್ರಿ ಕಾರ್ಖಾನೆಗಳಲ್ಲಿ ಕಪ್ಪು ಬಿಳಿ ಭೇದ ಮಾಡಬಾರದು ಎಂಬ ಆಜ್ಞೆಯನ್ನು ಅಧ್ಯಕ್ಷ ರೂಸ್‌ವೆಲ್ಟ್ ಅವರಿಂದ ಹೊರಡಿಸಿದ್ದರು. 1946ರಲ್ಲಿ ಅಂಬೇಡ್ಕರ್ ಅವರು ಡು ಬಾಯ್ಸ್ ಎಂಬ ಕಪ್ಪು ಜನರ ದೊಡ್ಡ ವಿದ್ವಾಂಸರಿಗೆ ಕಾಗದ ಬರೆದು, ಆ ಜನ ವಿಶ್ವಸಂಸ್ಥೆಗೆ ಕೊಟ್ಟಿದ್ದ ಅರ್ಜಿಯ ಪ್ರತಿ ಕಳುಹಿಸಲು ಕೇಳಿದರು. ಅವರು ಉತ್ತರವನ್ನೂ ಬರೆದರು.

ನಮ್ಮ ಕೆ.ಜಿ.ಎಫ್. ಆಗ ಮೈಸೂರು ಮಹಾರಾಜರ ಸಂಸ್ಥಾನದಲ್ಲಿತ್ತು. ಆದ್ದರಿಂದ ದೆಹಲಿಯ ಗಣಿ ಕಾನೂನು ನೇರವಾಗಿ ಇಲ್ಲಿಗೆ ಬರುತ್ತಿರಲಿಲ್ಲ. ಆದರೂ ತಮ್ಮಂಥವರೊಬ್ಬರು ದೆಹಲಿಯಲ್ಲಿ ಕೂತು ಗಣಿ ಕೂಲಿಯ ಮಾತಾಡುತ್ತಾರೆ ಅನ್ನೋದು ಸಣ್ಣ ಸುದ್ದಿಯಾಗಿರಲಾರದು. ಅವರಿಗಿಂತ ಎಷ್ಟೋ ವರ್ಷ ಮೊದಲೇ, 20ನೇ ಶತಮಾನದ ಆರಂಭದಲ್ಲಿ, ಪಂಡಿತ ಅಯೋಧಿದಾಸರ ಪ್ರೇರಣೆಯಿಂದ ಮಾರಿಕುಪ್ಪಂನಲ್ಲಿ ಗಣಿ ಕೂಲಿಗಾರರು ಬೌದ್ಧ ಸಂಘ ಕಟ್ಟಿಕೊಂಡಿದ್ದರು. 1954ರಲ್ಲಿ ಅಂಬೇಡ್ಕರ್ ಅವರು ಕೆ.ಜಿ.ಎಫ್.ಗೆ ಬಂದರು. ಆಗ ಅವರಿಗೆ ಸಕ್ಕರೆ ಕಾಯಿಲೆ, ಕಾಲು ನೋವು, ಕಣ್ಣೂ ಮಂಜು. ಕಾನೂನು ಮಂತ್ರಿ ಪದವಿಗೆ 1951ರಲ್ಲೇ ರಾಜೀನಾಮೆ ಕೊಟ್ಟಿದ್ದರು.

ಸಂವಿಧಾನದಲ್ಲಿ ಕೂಡ ಕಾರ್ಮಿಕರ ವಿಷಯ ಇದೆ. 23ನೇ ವಿಧಿ ಬಿಟ್ಟಿ ಚಾಕರಿಯನ್ನು, ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಜೀತ ನೋಡಿದ ನಮ್ಮ ಜಿಲ್ಲೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 43ನೇ ವಿಧಿ ದುಡಿಯುವವನಿಗೆ ಬದುಕುವಷ್ಟು ಕೂಲಿ ಸಿಗಬೇಕು, ಹಳ್ಳಿಗಳಲ್ಲಿ ಗುಡಿ ಕೈಗಾರಿಕೆಗಳನ್ನು ಸಹಕಾರ ತತ್ವದ ಮೇಲೂ ಬೆಳೆಸಬೇಕು ಎನ್ನುತ್ತದೆ. ಸಹಕಾರ ಎಂಬ ಮಾತು ಅಲ್ಲಿದೆ ಎಂದು ನನಗೆ ತಿಳಿದದ್ದು ನಿರ್ದೇಶಕನಾದ ಮೇಲೆ, ಒಂದು ತರಬೇತಿ ಶಿಬಿರದಲ್ಲಿ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧ ಧರ್ಮ ಸ್ವೀಕರಿಸಿದರು. ಡಿಸೆಂಬರ್ 6ರಂದು ದೆಹಲಿಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ದೇಹವನ್ನು ವಿಮಾನದಲ್ಲಿ ಬೊಂಬಾಯಿಗೆ ತಂದರು. ಮರುದಿನ ದಾದರಿನ ಸಮುದ್ರ ದಡದವರೆಗೆ ಹೋದ ಆ ಮೆರವಣಿಗೆಯಲ್ಲಿ ಕೆಲಸ ಬಿಟ್ಟು ಬಂದ ಗಿರಣಿ ಕೂಲಿಗಾರರು ತುಂಬಿದ್ದರು, ನೂಲುವ ಖಾತೆಯವರೂ ನೇಯುವ ಖಾತೆಯವರೂ.